ಹಿಂದಿನಿಂದ ಮೂರನೇ ಸೀಟು

ಕರಾವಳಿಯ ಒಂದು ಸಣ್ಣ ಪೇಟೆ. ಆಟಿ ತಿಂಗಳ ಮಳೆ ಮೂರು ದಿನದಿಂದ ಬಿಟ್ಟಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಚಾವಡಿಗೆ ಅವರ ಹಳೆಯ ವಿದ್ಯಾರ್ಥಿ ಬಂದಿದ್ದಾನೆ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಸಂಜೆಯ ಟ್ರಿಪ್ಪಿಗೆ ಇನ್ನೂ ಒಂದೂವರೆ ಗಂಟೆ ಇದೆ. ಎದುರಿಗಿಟ್ಟ ಕಾಫಿ ಆರುತ್ತಿದೆ.

ಟೀಚರ್: ಕಾಫಿ ಕುಡಿ ಮಾರಾಯ. ಮಾತು ಆಮೇಲೆ ಬರಲಿ.

ಕಂಡಕ್ಟರ್: ಟೀಚರ್, ನಾನು ಯಾರಿಗೂ ಹೊಡೆದವನಲ್ಲ. ಅದನ್ನು ಮೊದಲು ಹೇಳಿಬಿಡ್ತೇನೆ.

ಟೀಚರ್: ಹೊಡೆದೆ ಅಂತ ನಾನು ಹೇಳಲಿಲ್ಲವಲ್ಲ.

ಕಂಡಕ್ಟರ್: ವಾಟ್ಸ್‌ಆಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಬಸ್ಸಿನ ಹೆಸರು, ಹಿಂದಿನಿಂದ ಮೂರನೇ ಸೀಟು, ನಮ್ಮ ಹುಡುಗಿ, ಪಕ್ಕದಲ್ಲಿ ಅವರ ಹುಡುಗ. ಬಸ್ಸೀಗ ಎಲ್ಲಿ ಅಂತ ಕೇಳಿದರು. ನಾನು ಮುಂದಿನ ಸ್ಟಾಪಿನ ಹೆಸರು ಹಾಕಿದೆ. ಅಷ್ಟೇ ನಾನು ಮಾಡಿದ್ದು. ಅಲ್ಲಿ ಐದಾರು ಜನ ಹತ್ತಿ ಇಬ್ಬರನ್ನೂ ಇಳಿಸಿಕೊಂಡರು. ಹುಡುಗನಿಗೆ ಎರಡು ಬಿಟ್ಟರಂತೆ, ವಿಡಿಯೋ ಮಾಡಿದರಂತೆ, ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಬರಹೇಳಿದರಂತೆ. ಮಾರನೇ ದಿನ ಗೊತ್ತಾಯಿತು, ಇಬ್ಬರೂ ಒಂದೇ ಕ್ಲಾಸಿನವರು. ಆಸ್ಪತ್ರೆಯಲ್ಲಿದ್ದ ಸಹಪಾಠಿಯನ್ನು ನೋಡಲಿಕ್ಕೆ ಹೊರಟಿದ್ದರು.

ಟೀಚರ್: ಆಸ್ಪತ್ರೆಗೆ ಹೊರಟಿರದೆ ಸಿನಿಮಾಕ್ಕೇ ಹೊರಟಿದ್ದರೆ?

ಕಂಡಕ್ಟರ್: ಅದು ಬೇರೆ ವಿಷಯ ಆಗ್ತಿತ್ತು.

ಟೀಚರ್: ಅಲ್ಲ. ಬೇರೆ ವಿಷಯ ಆಗುವುದಿಲ್ಲ ಅಂತಲೇ ನಾನು ಹೇಳುವುದು. ಅವರು ಆಸ್ಪತ್ರೆಗೆ ಹೊರಟಿದ್ದರು ಅನ್ನುವುದು ನಿನ್ನ ಮನಸ್ಸನ್ನು ಕಲಕಿದೆ, ಒಳ್ಳೆಯದೇ. ಆದರೆ ಅಲ್ಲಿಗೇ ನಿಂತರೆ, ಇನ್ನೊಮ್ಮೆ ಸರಿಯಾಗಿ ವಿಚಾರಿಸಿ ಇಳಿಸಬೇಕು ಅನ್ನುವ ಪಾಠ ಮಾತ್ರ ಉಳಿಯುತ್ತದೆ. ಆ ಹುಡುಗರು ಹತ್ತಿದ ಕೂಡಲೇ ಮೊದಲು ಏನು ಕೇಳಿದರು?

ಕಂಡಕ್ಟರ್: ಹೆಸರು.

ಟೀಚರ್: ಏನು ಮಾಡುತ್ತಿದ್ದೀರಿ ಅಂತ ಕೇಳಲಿಲ್ಲ. ಹೆಸರು ಕೇಳಿದರು. ಎರಡೂ ಹೆಸರು ಒಂದೇ ಕಡೆಯದ್ದಾಗಿದ್ದರೆ?

ಕಂಡಕ್ಟರ್: ಇಳಿದು ಹೋಗ್ತಿದ್ದರು. ಗ್ರೂಪಿನಲ್ಲಿ ಮೆಸೇಜೇ ಬರ್ತಿರಲಿಲ್ಲ.

ಟೀಚರ್: ಇನ್ನೊಂದು ಕೇಳುತ್ತೇನೆ. ನೀನು ಹದಿನೈದು ವರ್ಷದಿಂದ ಬಸ್ಸಿನಲ್ಲಿದ್ದಿ. ರಶ್ಶಿನಲ್ಲಿ ಹುಡುಗಿಯರ ಮೈಗೆ ಕೈ ತಾಗಿಸುವವರನ್ನು ಎಷ್ಟು ನೋಡಿರಬಹುದು?

ಕಂಡಕ್ಟರ್: ಲೆಕ್ಕವೇ ಇಲ್ಲ. ಎಷ್ಟೋ ಜನರನ್ನು ನಾನೇ ಇಳಿಸಿದ್ದೇನೆ.

ಟೀಚರ್: ಅವರಲ್ಲಿ ಒಬ್ಬನ ಬಗ್ಗೆಯಾದರೂ ಆ ಗ್ರೂಪಿನಲ್ಲಿ ಬಸ್ಸೆಲ್ಲಿ ಅಂತ ವಿಚಾರಿಸಿದ್ದುಂಟಾ?

ಕಂಡಕ್ಟರ್: ...ಇಲ್ಲ.

ಟೀಚರ್: ಹಾಗಾದರೆ ಅವರು ಕಾಯುತ್ತಿರುವುದು ನೀತಿಯನ್ನಲ್ಲ, ಗಡಿಯನ್ನು. ಜಮೀನಿಗೆ ಅಗಳು ತೋಡುತ್ತೇವಲ್ಲ, ಹಾಗೆ ಎರಡು ಕೋಮುಗಳ ನಡುವೆ ಒಂದು ಅಗಳು. ಅದನ್ನು ದಾಟಿದವರು ಏನು ಮಾಡಿದರು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ದಾಟಿದ್ದೇ ತಪ್ಪು. ಇದಕ್ಕೆ ‘ನೈತಿಕ ಪೊಲೀಸ್‌ಗಿರಿ’ ಅಂತ ಹೆಸರು ಬಂದಿದ್ದೇ ನನಗೆ ಬೇಸರ. ನೀತಿ ಒಳ್ಳೆಯ ಮಾತು, ಪೊಲೀಸ್ ಕಾನೂನಿನ ಮಾತು. ಎರಡನ್ನೂ ತೆಗೆದು ದಾರಿ ಅಡ್ಡಗಟ್ಟುವವರ ಕೈಗೆ ಕೊಟ್ಟ ಹಾಗಾಯಿತು. ಪೇಪರಿನಲ್ಲಿ ನೋಡು: ‘ಅನ್ಯಕೋಮಿನ ಜೋಡಿ ಪತ್ತೆ’, ‘ಬುದ್ಧಿವಾದ ಹೇಳಿ ಕಳುಹಿಸಲಾಯಿತು’. ಪತ್ತೆ ಅಂದರೆ ಕಳ್ಳಮಾಲು ಪತ್ತೆಯಾದ ಹಾಗೆ. ಬುದ್ಧಿವಾದ ಅಂದರೆ ಕಪಾಳಕ್ಕೆ ಎರಡು.

ಕಂಡಕ್ಟರ್: ಇದೆಲ್ಲ ನಿನ್ನೆ ಮೊನ್ನೆ ಶುರುವಾದದ್ದಲ್ಲವಲ್ಲ ಟೀಚರ್. 2009ರ ಪಬ್ ಗಲಾಟೆ ಆಗುವಾಗ ನಾನು ಪಿಯುಸಿ.

ಟೀಚರ್: ಜನವರಿ 24. ಮಂಗಳೂರಿನ ಬಲ್ಮಠ ರಸ್ತೆಯ ಪಬ್ಬಿನಿಂದ ಹೆಣ್ಣುಮಕ್ಕಳನ್ನು ಎಳೆದು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಮೂರು ವರ್ಷ ಕಳೆದು 2012ರ ಜುಲೈ 28ಕ್ಕೆ ಪಡೀಲಿನ ಹೋಮ್‌ಸ್ಟೇ. ಹುಟ್ಟುಹಬ್ಬ ಆಚರಿಸಲಿಕ್ಕೆ ಸೇರಿದ ಹುಡುಗ ಹುಡುಗಿಯರ ಮೇಲೆ ದಾಳಿ, ಅದೂ ಕ್ಯಾಮೆರಾದ ಎದುರೇ. ಮುಂದೇನಾಯಿತು ಗೊತ್ತುಂಟಾ? ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಹೋಮ್‌ಸ್ಟೇ ಪ್ರಕರಣದವರು 2024ರಲ್ಲಿ ಬಿಡುಗಡೆಯಾದರು. ಹನ್ನೆರಡು ವರ್ಷ. ದೇಶವೆಲ್ಲ ಕಣ್ಣಾರೆ ಕಂಡ ಹಲ್ಲೆ ಕೋರ್ಟಿನಲ್ಲಿ ಸಾಬೀತಾಗಲಿಲ್ಲ. ಕೋರ್ಟನ್ನು ನಾನು ದೂರುವುದಿಲ್ಲ, ಅದಕ್ಕೆ ಸಾಕ್ಷಿ ಬೇಕು. ಆದರೆ ಯಾವ ಹುಡುಗಿ ಹನ್ನೆರಡು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ‘ಹೌದು, ಆ ವಿಡಿಯೋದಲ್ಲಿರುವುದು ನಾನೇ’ ಅಂತ ಹೇಳಿಯಾಳು? ಹೇಳಿಕೊಂಡರೆ ಮಾನ ಹೋಗುವುದು ಪೆಟ್ಟು ತಿಂದವಳದ್ದು, ಕೊಟ್ಟವನದ್ದಲ್ಲ ಅನ್ನುವ ಊರು ಇದು. ಆ ನಾಚಿಕೆಯ ಬಲದ ಮೇಲೆಯೇ ಈ ಕಸುಬು ನಡೆಯುತ್ತಿದೆ.

ಕಂಡಕ್ಟರ್: ಬೈಯಬೇಡಿ, ಒಂದು ಮಾತು ಕೇಳ್ತೇನೆ. ಎಲ್ಲರೂ ನಮಗೇ ಹೇಳುವುದು ಯಾಕೆ? ಅವರೂ ಮಾಡ್ತಾರಲ್ಲ?

ಟೀಚರ್: ಮಾಡುತ್ತಾರೆ. ಮುಚ್ಚಿಡುವುದು ಯಾಕೆ? 2024ರ ಜನವರಿಯಲ್ಲಿ ಬೆಳಗಾವಿಯ ಕೋಟೆ ಕೆರೆಯ ಹತ್ತಿರ ಕೂತಿದ್ದ ಇಬ್ಬರನ್ನು ಒಂದು ಗುಂಪು ಹಿಡಿದು ಥಳಿಸಿತು. ಬೇರೆ ಬೇರೆ ಧರ್ಮದ ಜೋಡಿ ಅಂತ ಅವರ ಲೆಕ್ಕ. ನೋಡಿದರೆ ಇಬ್ಬರೂ ಹತ್ತಿರದ ಸಂಬಂಧಿಕರು. ಅದೇ ತಿಂಗಳು ಹಾನಗಲ್ಲಿನ ಹತ್ತಿರ ಒಂದು ಲಾಡ್ಜಿಗೆ ನುಗ್ಗಿದವರ ಮೇಲೆ ಸಾಮೂಹಿಕ ಅತ್ಯಾಚಾರದ ಪ್ರಕರಣವೇ ದಾಖಲಾಯಿತು. ಹೆಂಗಸು ಯಾವ ಸಮುದಾಯದವಳೋ, ನುಗ್ಗಿದವರೂ ಅದೇ ಸಮುದಾಯದವರು. ‘ನಮ್ಮ ಹೆಣ್ಣು’ ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಅಲ್ಲಿ ನೋಡು. ಕಾಪಾಡುತ್ತೇವೆ ಅಂತ ಹೊರಟವರೇ ಅವಳನ್ನು ಹಾಳು ಮಾಡಿದ ಆರೋಪ ಹೊತ್ತರು. ನೀನು ‘ಅವರೂ ಮಾಡ್ತಾರೆ’ ಅನ್ನುವುದು ಸಮರ್ಥನೆಗೆ. ನನಗೆ ಅದು ಬೇರೆಯೇ ಕೇಳಿಸುತ್ತದೆ. ಈ ಎರಡು ಗುಂಪುಗಳು ವೈರಿಗಳು ಅಂತ ನೀನು ತಿಳಿದಿದ್ದಿ. ಒಂದು ವಿಷಯದಲ್ಲಿ ಅವರಿಗೆ ಪೂರ್ತಿ ಒಪ್ಪಂದ ಉಂಟು.

ಕಂಡಕ್ಟರ್: ಯಾವುದರಲ್ಲಿ?

ಟೀಚರ್: ಯಾರೂ ಅಗಳು ದಾಟಬಾರದು ಅನ್ನುವುದರಲ್ಲಿ.

ಕಂಡಕ್ಟರ್: ಆದರೆ ಟೀಚರ್, ಮೊದಲು ನಮ್ಮೂರು ಹೀಗಿರಲಿಲ್ಲ ಅಂತ ನೀವೇ ಕ್ಲಾಸಿನಲ್ಲಿ ಹೇಳ್ತಿದ್ದಿರಿ. ಮೂಲ್ಕಿಯ ಬಪ್ಪನಾಡು ದೇವಸ್ಥಾನ, ಬಪ್ಪ ಬ್ಯಾರಿ, ಭೂತಾರಾಧನೆಯಲ್ಲಿ ಬರುವ ಆಲಿ ಭೂತ, ಬಬ್ಬರ್ಯ. ಸೌಹಾರ್ದ ಇಲ್ಲಿಯ ಮಣ್ಣಿನ ಗುಣ ಅಂತ ಬೋರ್ಡಿನಲ್ಲಿ ಬರೆಸಿದ್ದು ನನಗಿನ್ನೂ ನೆನಪುಂಟು.

ಟೀಚರ್: ಹೇಳುತ್ತಿದ್ದೆ. ಅದು ಸುಳ್ಳಲ್ಲ. ಮುಸ್ಲಿಂ ವ್ಯಾಪಾರಿಯೊಬ್ಬನ ಹೆಸರಿನಿಂದ ದುರ್ಗೆಯ ಊರಿಗೆ ಹೆಸರು ಬಂತು ಅನ್ನುವ ಐತಿಹ್ಯವನ್ನು ಇಷ್ಟು ಕಾಲ ಇಟ್ಟುಕೊಂಡು ಬಂದ ಜನ ನಾವು. ಅದಕ್ಕೆ ನನಗೆ ಹೆಮ್ಮೆಯೇ. ಆದರೆ ಅರ್ಧ ಪಾಠ ಹೇಳಿ ನಿಲ್ಲಿಸಿದೆ ಅಂತ ಈಗ ಅನ್ನಿಸುತ್ತದೆ. ಅವರ ಉರೂಸಿಗೆ ನಾವು ಹೋಗುವುದು, ನಮ್ಮ ಜಾತ್ರೆಗೆ ಅವರು ಬರುವುದು, ಇದೆಲ್ಲ ಒಂದು ಗುಂಪು ಇನ್ನೊಂದು ಗುಂಪಿಗೆ ಕೊಡುವ ಮರ್ಯಾದೆ. ಹೋದವರು ಸಂಜೆಗೆ ಅವರವರ ಮನೆಗೆ ವಾಪಸ್ ಬರುತ್ತಾರೆ. ಒಬ್ಬಳು ವಾಪಸ್ ಬರುವುದಿಲ್ಲ, ಅಲ್ಲೇ ಇರುತ್ತೇನೆ ಅಂದಾಗ ಆ ಸೌಹಾರ್ದ ಏನು ಮಾಡುತ್ತದೆ? ಅದು ನಿಜವಾದ ಪರೀಕ್ಷೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆದದ್ದೂ ಅದೇ ಅಲ್ಲವಾ?

ಕಂಡಕ್ಟರ್: ಹರಳಯ್ಯ, ಮಧುವರಸ.

ಟೀಚರ್: ನೆನಪುಂಟಲ್ಲ. ಕಲ್ಯಾಣಕ್ಕೆ ಎಲ್ಲೆಲ್ಲಿಂದಲೋ ಜನ ಬಂದರು, ಎಲ್ಲ ಕಸುಬಿನವರು, ಎಲ್ಲ ಜಾತಿಯವರು. ಶರಣರು ಒಟ್ಟಿಗೆ ಕೂತರು, ಮಾತಾಡಿದರು, ವಚನ ಹೇಳಿದರು. ಬಿಜ್ಜಳನ ರಾಜ್ಯ ಅದನ್ನು ಹೇಗೋ ಸಹಿಸಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು ಅನ್ನುವಾಗ ಸಹನೆ ಮುಗಿಯಿತು. ಎರಡೂ ಕಡೆಯ ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಆಯಿತು ಅಂತ ಪರಂಪರೆ ಹೇಳುತ್ತದೆ. ಗುಂಪುಗಳು ಅಕ್ಕಪಕ್ಕ ಇರುವುದನ್ನು ತಡೆದುಕೊಳ್ಳುವುದು ಒಂದು ಮಟ್ಟದ ಸಹನೆ. ಇಬ್ಬರು ಮನುಷ್ಯರು ಗುಂಪಿನ ಅಪ್ಪಣೆ ಕೇಳದೆ ಬದುಕಿದ್ದನ್ನು ತಡೆದುಕೊಳ್ಳುವುದು ಇನ್ನೊಂದು ಮಟ್ಟದ್ದು. ಮೊದಲನೆಯದನ್ನೇ ಹಿಡಿದುಕೊಂಡು ನಾವು ಸಹಿಷ್ಣುಗಳು ಅಂತ ಹೇಳಿಕೊಂಡು ಬಂದೆವು.

ಕಂಡಕ್ಟರ್: ಗಲಾಟೆ ಆದ ಮೇಲೆ ಸ್ಟೇಷನ್ನಿನಲ್ಲಿ ಶಾಂತಿ ಸಭೆ ಮಾಡ್ತಾರೆ. ಎರಡು ಕಡೆಯ ಹಿರಿಯರೂ ಬರ್ತಾರೆ. ನಾನೂ ಒಮ್ಮೆ ಹೋಗಿದ್ದೆ. ‘ನಿಮ್ಮ ಹುಡುಗರನ್ನು ನೀವು ನೋಡಿಕೊಳ್ಳಿ, ನಮ್ಮ ಹುಡುಗಿಯರನ್ನು ನಾವು ನೋಡಿಕೊಳ್ತೇವೆ’ ಅಂತ ಕೈ ಕುಲುಕಿದರು. ಎಲ್ಲ ತಣ್ಣಗಾಯಿತು.

ಟೀಚರ್: ಆ ಸಭೆಯಲ್ಲಿ ಹುಡುಗಿಯರು ಎಷ್ಟು ಜನ ಇದ್ದರು?

ಕಂಡಕ್ಟರ್: ಒಬ್ಬಳೂ ಇರಲಿಲ್ಲ.

ಟೀಚರ್: ಆ ಶಾಂತಿಯ ಬೆಲೆ ತೆತ್ತವರು ಅವರು. ಎರಡು ಕೋಮಿನ ಗಂಡಸರು ರಾಜಿಯಾದರು, ಹುಡುಗಿಯರ ಬಸ್ಸು, ಫೋನು, ಕಾಲೇಜಿನ ಮೇಲೆ ಕಣ್ಣಿಡುವ ಕೆಲಸವನ್ನು ಹಂಚಿಕೊಂಡರು. ಅಸ್ಮಿತೆಯ ರಾಜಕಾರಣ ಅನ್ನುತ್ತಾರಲ್ಲ, ಅದರಲ್ಲಿ ನನಗೆ ಭಯ ಹುಟ್ಟಿಸುವುದು ಇದೇ. ಸಮುದಾಯಕ್ಕೆ ಒಂದೇ ಬಾಯಿ ಉಂಟು ಅಂತ ಒಪ್ಪಿಕೊಂಡ ದಿನದಿಂದ, ಆ ಬಾಯಿ ಯಾರದ್ದೋ ಅವನು ಉಳಿದವರ ಕಾವಲುಗಾರ ಆಗಿಬಿಡುತ್ತಾನೆ. ಕಾಲೇಜಿನ ಹಿಜಾಬ್ ಗಲಾಟೆಯ ಸಮಯದಲ್ಲಿ ಉಡುಪಿಯಲ್ಲಿ ನೋಡಲಿಲ್ಲವಾ? 2022ರ ಫೆಬ್ರವರಿಯಲ್ಲಿ ಸರಕಾರದ ಆದೇಶ, ಮಾರ್ಚಿನಲ್ಲಿ ಹೈಕೋರ್ಟಿನ ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳದ್ದು ಎರಡು ಅಭಿಪ್ರಾಯ. ತೆಗೆ ಅನ್ನುವವರು ಬೀದಿಯಲ್ಲಿದ್ದರು, ತೆಗೆಯಕೂಡದು ಅನ್ನುವವರು ಮನೆಬಾಗಿಲಲ್ಲಿದ್ದರು. ಹಾಕಿಕೊಳ್ಳುವವಳು ತನ್ನಿಷ್ಟಕ್ಕೆ ಹಾಕಿಕೊಳ್ಳಲಿ, ಬೇಡದವಳು ತನ್ನಿಷ್ಟಕ್ಕೆ ಬಿಡಲಿ, ಇಬ್ಬರೂ ಪರೀಕ್ಷೆ ಬರೆಯಲಿ ಅನ್ನುವ ಸಣ್ಣ ಮಾತಿಗೆ ಎಷ್ಟು ಜನ ದನಿಗೂಡಿಸಿದರು?

ಕಂಡಕ್ಟರ್: ಒಪ್ಪಿದೆ. ಆದರೆ ಟೀಚರ್, ಮೋಸ ಆಗುವುದಿಲ್ಲವಾ? ಹೆಸರು ಮರೆಮಾಡಿ ಹುಡುಗಿಯರ ತಲೆ ಕೆಡಿಸುವವರು ಇಲ್ಲವಾ? ಲವ್ ಜಿಹಾದ್ ಅಂತ ಹೇಳುವುದು ಪೂರ್ತಿ ಸುಳ್ಳಾ? ನನಗೂ ಮಗಳಿದ್ದಾಳೆ.

ಟೀಚರ್: ನಿನ್ನ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಮಗಳಿರುವ ಅಪ್ಪನ ಹೆದರಿಕೆ ಅದು. ಮೋಸ ಮಾಡುವ ಗಂಡಸರು ಇದ್ದಾರೆ, ಎಲ್ಲ ಹೆಸರಿನವರೂ ಇದ್ದಾರೆ. ಆದರೆ ಒಂದು ಸಮುದಾಯವೇ ಸೇರಿ ಯೋಜನೆ ಹಾಕಿ ಇದನ್ನು ನಡೆಸುತ್ತಿದೆ ಅನ್ನುವ ಮಾತಿಗೆ ಆಧಾರ ಬೇಕಲ್ಲ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಖಾತೆಯೇ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು: ಈಗಿನ ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯೆ ಇಲ್ಲ, ಅಂಥ ಪ್ರಕರಣ ಕೇಂದ್ರದ ಯಾವ ತನಿಖಾ ಸಂಸ್ಥೆಯಿಂದಲೂ ವರದಿಯಾಗಿಲ್ಲ ಅಂತ. ಇನ್ನು ನಿನ್ನ ಬಸ್ಸಿನ ಮಾತಿಗೆ ಬಾ. ಹುಡುಗಿ ಹದಿನೆಂಟು ತುಂಬದವಳು, ಯಾರೋ ಅವಳನ್ನು ಪುಸಲಾಯಿಸಿ ಕರೆದುಕೊಂಡು ಹೋಗುತ್ತಿದ್ದಾನೆ ಅಂತ ನಿನಗೆ ಅನುಮಾನ ಬಂದರೆ 1098ಕ್ಕೆ ಫೋನ್ ಮಾಡು, ಮಕ್ಕಳ ಸಹಾಯವಾಣಿ. ಯಾರಿಗಾದರೂ ಬಲವಂತ ಆಗುತ್ತಿದೆ ಅಂತ ಕಂಡರೆ 112. ಅದಕ್ಕೂ ಮೊದಲು ಅವಳ ಹತ್ತಿರ ಹೋಗಿ ‘ಮಗಾ, ತೊಂದರೆ ಏನಾದರೂ ಉಂಟಾ?’ ಅಂತ ಕೇಳು. ಅಕ್ಕರೆ ಇರುವವನು ಕೇಳುವುದು ಅವಳನ್ನು. ಕಾವಲುಗಾರ ಅವಳನ್ನು ಕೇಳುವುದೇ ಇಲ್ಲ, ಅವಳ ಅಪ್ಪನಿಗೆ ಫೋನ್ ಮಾಡುತ್ತಾನೆ.

ಕಂಡಕ್ಟರ್: ಪೊಲೀಸರೇ ಪಾರ್ಕಿನಲ್ಲಿ ಕೂತವರನ್ನು ಎಬ್ಬಿಸಿ ಓಡಿಸ್ತಾರೆ. ಅವರನ್ನು ನೋಡಿಯೇ ಹುಡುಗರು ಕಲಿತದ್ದು.

ಟೀಚರ್: ಅವರಿಗೂ ಆ ಅಧಿಕಾರ ಇಲ್ಲ. ಗುಜರಾತಿನ ವಡೋದರದಲ್ಲಿ 2001ರಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಒಬ್ಬ ಕಾನ್‌ಸ್ಟೇಬಲ್ ರಾತ್ರಿ ಬೈಕಿನಲ್ಲಿ ಹೊರಟಿದ್ದ ಜೋಡಿಯನ್ನು ನಿಲ್ಲಿಸಿ ಪೀಡಿಸಿದ. ಅವನನ್ನು ಕೆಲಸದಿಂದ ತೆಗೆದದ್ದು ಸರಿ ಅಂತ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೊಲೀಸರೇ ನೈತಿಕ ಪೊಲೀಸ್‌ಗಿರಿ ಮಾಡುವ ಹಾಗಿಲ್ಲ ಅಂದ ಮೇಲೆ ಆ ಐದಾರು ಹುಡುಗರಿಗೆ ಎಲ್ಲಿಂದ ಬಂತು ಅಧಿಕಾರ? ಇನ್ನೊಬ್ಬರು ಹೋಗುವ ದಾರಿಗೆ ಅಡ್ಡ ನಿಲ್ಲುವುದೇ ಅಪರಾಧ, ಕೈ ಎತ್ತುವ ಮೊದಲೇ. ಹಳೆಯ ದಂಡ ಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಉಂಟು. ಇಬ್ಬರು ವಯಸ್ಕರು ಮನಸಾರೆ ಒಪ್ಪಿದರೆ ಮದುವೆಗೆ ಮನೆತನದ್ದಾಗಲಿ ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಅಂತ 2018ರ ಮಾರ್ಚಿನಲ್ಲಿ, ಖಾಪ್ ಪಂಚಾಯತಿಗಳ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಅದಕ್ಕೂ ಮೊದಲು, 2017ರ ಆಗಸ್ಟ್ 24ಕ್ಕೆ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಮೊಕದ್ದಮೆ ಹೂಡಿದವರು ಯಾರು ಗೊತ್ತುಂಟಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತು ದಾಟಿದ ವಯಸ್ಸಿನಲ್ಲಿ ಆ ತೀರ್ಪು ಕೇಳಿದರು. ಬಸ್ಸಿನ ಸೀಟಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದು ಕೂತವರಿಗೆ ಸೇರಿದ್ದು.

ಕಂಡಕ್ಟರ್: ಕಾನೂನು ನೀವು ಹೇಳಿದ ಹಾಗೆಯೇ ಇರಬಹುದು. ಆದರೆ ಇನ್ನೊಂದು ಮಾತುಂಟು, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಸಹನೆ ಸಹನೆ ಅಂತ ಹೇಳುವ ನಿಮ್ಮ ಓದಿದ ಜನ ಕೂಡ ಕಾವಲುಗಾರರೇ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಓದ್ತಾಳೆ. ವಿದ್ಯಾರ್ಥಿಗಳ ಒಂದು ಗ್ರೂಪಿನಲ್ಲಿ ಮೀಸಲಾತಿ ಬಗ್ಗೆ ಏನೋ ಸಂಶಯ ಕೇಳಿದಳು. ಜಗಳಕ್ಕಲ್ಲ, ಅವಳಿಗೆ ಗೊತ್ತಿರಲಿಲ್ಲ, ಕೇಳಿದಳು. ಅವಳ ಜಾತಿ ಹುಡುಕಿ ತೆಗೆದರು, ಸ್ಕ್ರೀನ್‌ಶಾಟ್ ಮಾಡಿ ಎಲ್ಲ ಕಡೆ ಹಾಕಿದರು, ಹಾಸ್ಟೆಲಿನಲ್ಲಿ ಮಾತು ಬಿಟ್ಟರು. ಅವರೂ ಮೊದಲು ಕೇಳಿದ್ದು ಹೆಸರೇ ಅಲ್ಲವಾ ಟೀಚರ್?

ಟೀಚರ್: ...ಹೌದು. ಅದು ನನ್ನನ್ನು ನೋಯಿಸುವ ಮಾತು, ಯಾಕೆಂದರೆ ಅದು ನಿಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಿಕ್ಕೆ ನಾನು ತಯಾರಿಲ್ಲ. ಬಸ್ಸಿನಿಂದ ಇಳಿಸಿ ಹೊಡೆಯುವುದು ಬೇರೆ, ಬರೆದು ನಾಚಿಕೆ ಮಾಡಿಸುವುದು ಬೇರೆ. ಒಂದರಲ್ಲಿ ಜೀವಕ್ಕೇ ಅಪಾಯ. ಹಾಗೆಯೇ ದಲಿತರು ‘ನಾವು ದಲಿತರು’ ಅಂತ ಒಟ್ಟಾದದ್ದನ್ನೂ ನಿಮ್ಮ ಗ್ರೂಪಿನವರು ‘ನಮ್ಮವರು’ ಅಂತ ಒಟ್ಟಾದದ್ದನ್ನೂ ಸಮ ಮಾಡುವುದಿಲ್ಲ. ಕೆರೆಯ ನೀರಿಗೆ, ಹೋಟೆಲಿನ ಲೋಟಕ್ಕೆ ದೂರ ಇಟ್ಟವರು ಬೇರೆಯವರು. ಆ ಹೆಸರನ್ನೇ ಎತ್ತಿ ಹಿಡಿದು ಅವರು ಒಳಗೆ ಬರುವ ಹಕ್ಕು ಕೇಳಿದರು. ಅಸ್ಮಿತೆ ಅಂದ ಕೂಡಲೇ ಕೆಟ್ಟದ್ದು ಅಂತ ಹೇಳುವುದು ಅನ್ಯಾಯ. ಆದರೆ ಹಕ್ಕು ಕೇಳಲಿಕ್ಕೆ ಹಿಡಿದ ಹೆಸರನ್ನು ಇನ್ನೊಬ್ಬಳ ಬಾಯಿ ಮುಚ್ಚಿಸಲಿಕ್ಕೆ ಹಿಡಿದರೆ ಅದು ತನ್ನ ದಾರಿ ತಪ್ಪಿತು. ಪ್ರಶ್ನೆ ಕೇಳಿದವಳಿಗೆ ಉತ್ತರ ಕೊಡಬೇಕಿತ್ತು. ಒಳ್ಳೆಯ ಉತ್ತರ ಇತ್ತು ಕೂಡ.

ಕಂಡಕ್ಟರ್: ಅವರು ಹೇಳುವುದೇ ಬೇರೆ. ಸಹನೆ ಇಲ್ಲದವರನ್ನು ಸಹಿಸಬಾರದು ಅಂತ ಯಾರೋ ದೊಡ್ಡವರು ಹೇಳಿದ್ದಾರಂತೆ.

ಟೀಚರ್: ಕಾರ್ಲ್ ಪಾಪರ್. ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಹೋದ ಮನುಷ್ಯ. 1945ರಲ್ಲಿ ಬಂದ ಅವರ ಪುಸ್ತಕದ ಒಂದು ಟಿಪ್ಪಣಿಯಲ್ಲಿ ಆ ಮಾತು ಬರುತ್ತದೆ. ಮಿತಿಯೇ ಇಲ್ಲದ ಸಹನೆ ಕೊನೆಗೆ ಸಹನೆಯನ್ನೇ ನುಂಗುತ್ತದೆ ಅಂತ. ಆದರೆ ಅದೇ ಟಿಪ್ಪಣಿಯಲ್ಲಿ ಇನ್ನೊಂದೂ ಉಂಟು. ಮಾತಿನಿಂದ ಎದುರಿಸಬಹುದಾದಷ್ಟು ಕಾಲ ಬಾಯಿ ಮುಚ್ಚಿಸುವುದು ವಿವೇಕವಲ್ಲ. ವಾದಕ್ಕೆ ಮುಷ್ಟಿಯಿಂದ, ಪಿಸ್ತೂಲಿನಿಂದ ಉತ್ತರ ಕೊಡಿ ಅಂತ ಎದುರಿನವರು ತಮ್ಮವರಿಗೆ ಕಲಿಸಿದಾಗ ತಡೆಯುವ ಹಕ್ಕು ಸಮಾಜಕ್ಕಿರಬೇಕು ಅನ್ನುತ್ತಾರೆ. ಅಂದರೆ ಗೆರೆ ಬೀಳುವುದು ಮುಷ್ಟಿಯ ಹತ್ತಿರ. ನಿನ್ನ ಅಕ್ಕನ ಮಗಳು ಆ ಗೆರೆಯ ಈಚೆಗಿದ್ದಾಳೆ. ನಿನ್ನ ಬಸ್ಸಿಗೆ ಹತ್ತಿದವರು ಆಚೆಗಿದ್ದಾರೆ.

ಕಂಡಕ್ಟರ್: ಒಳ್ಳೆಯ ಕೆಲಸಕ್ಕೆ ಹೊರಟವರೂ ಹೀಗೆ ಆಗ್ತಾರೆ ಅಂದ್ರೆ ಯಾರನ್ನು ನಂಬುವುದು?

ಟೀಚರ್: 1936ರ ಸಮ್ಮೇಳನಕ್ಕೆ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಳದವರು ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದರು. ಹೆಸರೇ ಜಾತಿ ಮುರಿಯುವ ಮಂಡಳ. ಭಾಷಣದ ಪ್ರತಿ ಓದಿ ಅವರಿಗೆ ಗಾಬರಿಯಾಯಿತು. ತಿದ್ದಿ ಅಂದರು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಭೆ ನಡೆಯಲೇ ಇಲ್ಲ. ಅವರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂತ ಅದರಲ್ಲಿ ಬರೆದರು. ಜಾತಿ ಮುರಿಯಲು ಹೊರಟವರಿಗೇ ಜಾತಿಯ ಬೇರು ಎಲ್ಲಿದೆ ಅಂತ ಕೇಳಲು ಧೈರ್ಯ ಸಾಲಲಿಲ್ಲ. ಹನ್ನೆರಡು ವರ್ಷದ ಮೇಲೆ, 1948ರ ನವೆಂಬರ್ 4ಕ್ಕೆ, ಸಂವಿಧಾನ ಸಭೆಯಲ್ಲಿ ಅದೇ ಅಂಬೇಡ್ಕರ್ ಸಾಂವಿಧಾನಿಕ ನೈತಿಕತೆಯ ಮಾತಾಡಿದರು. ಅದು ಹುಟ್ಟಿನಿಂದ ಬರುವ ಭಾವನೆಯಲ್ಲ, ನಮ್ಮ ಜನ ಇನ್ನೂ ಕಲಿಯಬೇಕಾದದ್ದು ಅಂತ. ಕಲಿಯಬೇಕಾದದ್ದು ಅಂದರೆ ನಾನೂ ಕಲಿಯಬೇಕಾದದ್ದು. ಬೇರೆಯವರಿಗೆ ಮಾತ್ರ ಅಲ್ಲ.

ಕಂಡಕ್ಟರ್: ನಿಮಗೆಂತ ಕಲಿಯಲಿಕ್ಕೆ ಉಂಟು ಟೀಚರ್?

ಟೀಚರ್: ಕೇಳಿದ್ದಿ, ಹೇಳುತ್ತೇನೆ. ನಿನಗಿಂತ ಕೆಲವು ವರ್ಷ ಹಿಂದಿನ ಬ್ಯಾಚು. ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಗಣಿತದಲ್ಲಿ ಅವಳ ಹಾಗೆ ಲೆಕ್ಕ ಬಿಡಿಸುವವರು ನನ್ನ ಮೂವತ್ತು ವರ್ಷದಲ್ಲಿ ನಾಲ್ಕು ಜನ ಸಿಕ್ಕಿರಬಹುದು. ಅವಳ ನೋಟ್ ಪುಸ್ತಕದ ಒಳಗೆ ಒಂದು ಚೀಟಿ ಸಿಕ್ಕಿತು. ಒಬ್ಬ ಹುಡುಗ ಬರೆದದ್ದು, ಬೇರೆ ಜಾತಿಯವ. ಚೀಟಿಯಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ. ನಾನು ಅವಳನ್ನು ಕರೆದು ಕೇಳಲಿಲ್ಲ. ಅವಳ ಅಪ್ಪನಿಗೆ ಹೇಳಿ ಕಳುಹಿಸಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಪಬ್ಲಿಕ್ ಪರೀಕ್ಷೆ ಹತ್ತಿರ ಇದೆ, ತಲೆ ಕೆಡಬಾರದು ಅಂತ. ಅಪ್ಪ ಬಂದರು, ಕೈ ಮುಗಿದು ‘ಉಪಕಾರ ಆಯಿತು’ ಅಂದರು. ಮಾರನೇ ದಿನದಿಂದ ಅವಳು ಶಾಲೆಗೆ ಬರಲಿಲ್ಲ. ಪರೀಕ್ಷೆ ಬರೆಯಲಿಲ್ಲ. ಎರಡು ವರ್ಷದೊಳಗೆ ಮದುವೆ ಮಾಡಿ ಕೊಟ್ಟರು.

ಕಂಡಕ್ಟರ್: ನೀವು ಹಾಗಾಗಲಿ ಅಂತ ಮಾಡಿದ್ದಲ್ಲವಲ್ಲ.

ಟೀಚರ್: ನೀನೂ ಹಾಗಾಗಲಿ ಅಂತ ಸ್ಟಾಪಿನ ಹೆಸರು ಹಾಕಿದ್ದಲ್ಲ. ನಾನೂ ಯಾರಿಗೂ ಹೊಡೆಯಲಿಲ್ಲ. ನಾನೂ ಒಂದು ಸುದ್ದಿ ಮುಟ್ಟಿಸಿದೆ, ಅಷ್ಟೇ. ಅವಳ ಬದುಕು ಎಲ್ಲಿಗೆ ಹೋಗಬೇಕು ಅಂತ ಅವಳನ್ನೊಂದು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನ ಮಾಡಿದೆವು. ಅವಳ ಆ ನೋಟ್ ಪುಸ್ತಕ ಇನ್ನೂ ನನ್ನ ಕಪಾಟಿನಲ್ಲಿ ಉಂಟು. ವಾಪಸ್ ಕೊಡಲಿಕ್ಕೆ ಹೋಗುವ ಧೈರ್ಯ ನನಗೆ ಬರಲಿಲ್ಲ.

(ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹಂಚಿನ ಮೇಲೆ ಮಳೆ ಇನ್ನಷ್ಟು ಜೋರಾಯಿತು.)

ಕಂಡಕ್ಟರ್: ಆ ಹುಡುಗಿ ಈ ಐದು ದಿನ ಬಸ್ಸಿಗೆ ಬರಲಿಲ್ಲ ಟೀಚರ್. ತಿಂಗಳ ಪಾಸಿನವಳು. ಅವಳ ಸ್ಟಾಪಿನಲ್ಲಿ ಬೆಳಿಗ್ಗೆ ಅವಳೊಬ್ಬಳೇ ಹತ್ತುವುದು. ಈಗ ಡ್ರೈವರ್ ಅಲ್ಲಿ ಸ್ಲೋ ಮಾಡಿ ನನ್ನ ಮುಖ ನೋಡ್ತಾನೆ. ನಾನು ಸೀಟಿ ಊದ್ತೇನೆ. ಬಸ್ಸು ಹೋಗ್ತದೆ. ಅದನ್ನು ಹೇಳಲಿಕ್ಕೇ ನಾನು ಬಂದದ್ದು.

ಟೀಚರ್: ಗೊತ್ತಾಯಿತು ಮಗಾ.

ಕಂಡಕ್ಟರ್: ಗ್ರೂಪ್ ಬಿಡುವ ಅಂತ ಎರಡು ಸಲ ಮೊಬೈಲ್ ತೆಗೆದೆ. ಬಿಟ್ಟರೆ ಎಲ್ಲರಿಗೂ ಗೊತ್ತಾಗ್ತದೆ. ಯಾಕೆ ಬಿಟ್ಟೆ, ಯಾರ ಕಡೆ ನೀನು ಅಂತ ಕೇಳ್ತಾರೆ. ಬಸ್ಸಿನ ಧಣಿಗೆ ಹೇಳಿದರೆ ಕೆಲಸಕ್ಕೂ ಕುತ್ತು. ನನಗೆ ಹೆದರಿಕೆ ಆಗ್ತದೆ.

ಟೀಚರ್: ಆಗದೆ ಇರುತ್ತದಾ? ಅಗಳು ಬೇರೆಯವರನ್ನು ಹೊರಗಿಡಲಿಕ್ಕೆ ಅಂತ ತೋಡಿದ್ದು. ಈಗ ನೀನೇ ಅದರೊಳಗೆ ಸಿಕ್ಕಿಕೊಂಡಿದ್ದಿ. ‘ನಮ್ಮವ’ ಅಂತ ಹೆಗಲ ಮೇಲೆ ಕೈ ಹಾಕಿದವರು ಆ ಕೈ ತೆಗೆಯಲಿಕ್ಕೆ ಬಿಡುವುದಿಲ್ಲ. ಇದನ್ನು ಗುಂಪಿನ ಹೊರಗೆ ನಿಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಒಳಗಿರುವ ನಿನ್ನಂಥವನು ಹೇಳಬೇಕು. ಆದರೆ ನಾಳೆಯೇ ಹೋಗಿ ಎದುರು ನಿಲ್ಲು ಅಂತ ನಾನು ಹೇಳುವುದಿಲ್ಲ. ನಿನ್ನ ಹೆಂಡತಿ ಮಕ್ಕಳ ಅನ್ನ ಆ ಬಸ್ಸಿನಲ್ಲಿ ಉಂಟು.

ಕಂಡಕ್ಟರ್: ಹಾಗಾದರೆ ಮೆಸೇಜ್ ಪುನಃ ಬಂದರೆ ಎಂತ ಮಾಡಲಿ?

ಟೀಚರ್: ಸಾವಿರದ ನೂರು ವರ್ಷಕ್ಕೂ ಹಿಂದೆ ಕವಿರಾಜಮಾರ್ಗ ಬರೆದವರು ಚಿನ್ನ ಅಂದರೆ ಏನು ಅಂತ ಹೇಳುವಾಗ, ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವ ಶಕ್ತಿಯನ್ನು ತೋರಿಸಿದರು. ನಿಮಗೆ ಅದನ್ನು ಪಾಠ ಮಾಡಿದ್ದೇನೆ. ಸೈರಿಸು ಅನ್ನುವ ಮಾತನ್ನು ಗಮನಿಸು. ಇಷ್ಟವಾದದ್ದನ್ನು ಯಾರೂ ಸೈರಿಸಬೇಕಾಗಿಲ್ಲ. ಹೊಟ್ಟೆಯೊಳಗೆ ಒಪ್ಪದೆ ಇದ್ದಾಗಲೂ ಕೈಯನ್ನು, ಬಾಯನ್ನು ತಡೆದುಕೊಳ್ಳುವುದು ಸೈರಣೆ. ಆ ಇಬ್ಬರು ಒಟ್ಟಿಗೆ ಕೂತದ್ದು ನಿನಗೆ ಇಷ್ಟವಾಗಬೇಕು ಅಂತ ನಾನು ಹೇಳುವುದಿಲ್ಲ. ನಿನ್ನ ಮನಸ್ಸು ನಿನ್ನದು. ಮೆಸೇಜ್ ಬಂದಾಗ ಸ್ಟಾಪಿನ ಹೆಸರು ಹಾಕದೆ ಇರು. ಅಷ್ಟು ಸಾಕು ಸದ್ಯಕ್ಕೆ. ರಶ್ಶಿತ್ತು, ನೋಡಲಿಲ್ಲ ಅಂತ ಹೇಳು. ಎದುರು ನಿಲ್ಲುವ ಧೈರ್ಯ ಬರುವ ದಿನ ಬರಲಿ, ಅಲ್ಲಿಯ ತನಕ ಸುದ್ದಿ ಮುಟ್ಟಿಸದೆ ಇರುವ ಧೈರ್ಯವಾದರೂ ಇರಲಿ. ಸುದ್ದಿ ಸಿಗದಿದ್ದರೆ ಆ ಐದಾರು ಜನ ಯಾವ ಸ್ಟಾಪಿನಲ್ಲಿ ಕಾಯುತ್ತಾರೆ?

ಕಂಡಕ್ಟರ್: ಆ ಹುಡುಗಿಯ ಮನೆಗೆ ಹೋಗುವಾ ಅಂತ ನನಗೆ ಅನ್ನಿಸ್ತದೆ. ಒಬ್ಬನೇ ಹೋದರೆ ಅವಳ ಅಪ್ಪ ಎಂತ ಹೇಳ್ತಾರೋ. ನೀವು ಬರ್ತೀರಾ?

ಟೀಚರ್: ಬರುತ್ತೇನೆ. ನಾಳೆ ಭಾನುವಾರ, ನಿನ್ನ ಮಧ್ಯಾಹ್ನದ ಟ್ರಿಪ್ ಮುಗಿದ ಮೇಲೆ ಹೋಗುವಾ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಆದರೆ ಮೊದಲು ಅವಳ ಹತ್ತಿರ. ಕಾಲೇಜಿಗೆ ಬರುವ ಮನಸ್ಸುಂಟಾ ಅಂತ ಅವಳನ್ನೇ ಕೇಳಬೇಕು. ಕಳೆದ ಸಲ ನಾನು ಕೇಳದೆ ಬಿಟ್ಟದ್ದು ಅದನ್ನೇ.

ಕಂಡಕ್ಟರ್: ಅವಳು ಬಸ್ಸಿಗೆ ಬಂದರೆ ಅವಳ ಎದುರು ನಾನು ಹೇಗೆ ನಿಲ್ಲುವುದು ಟೀಚರ್? ಏನು ಹೇಳುವುದು?

ಟೀಚರ್: ದಿನಕ್ಕೆ ಇನ್ನೂರು ಮುನ್ನೂರು ಜನ ನಿನ್ನ ಬಸ್ಸು ಹತ್ತುತ್ತಾರೆ. ಗಡ್ಡದವರು, ಕುಂಕುಮದವರು, ಶಿಲುಬೆಯ ಸರ ಹಾಕಿದವರು, ಬುರ್ಖಾದವರು. ಅವರನ್ನೆಲ್ಲ ಏನು ಕೇಳುತ್ತೀ?

ಕಂಡಕ್ಟರ್: ಎಲ್ಲಿಗೆ ಅಂತ ಕೇಳ್ತೇನೆ.

ಟೀಚರ್: ಹೆಸರು?

ಕಂಡಕ್ಟರ್: ಹೆಸರು ನನಗೆಂತಕ್ಕೆ? ಇಳಿಯುವ ಜಾಗ ಗೊತ್ತಾದರೆ ಟಿಕೆಟ್ ಹರಿದು ಕೊಡ್ತೇನೆ.

ಟೀಚರ್: ಅವಳನ್ನೂ ಅದನ್ನೇ ಕೇಳು.

(ಅವನು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಮೆಟ್ಟಿಲ ಹತ್ತಿರ ಒಲ್ಲಿಯನ್ನು ತಲೆಗೆ ಸುತ್ತಿಕೊಳ್ಳುವಾಗ ಜೇಬಿನಲ್ಲಿದ್ದ ಮೊಬೈಲ್ ಎರಡು ಸಲ ಸದ್ದು ಮಾಡಿತು. ತೆಗೆದು ನೋಡಲಿಲ್ಲ. ಟೀಚರ್ ಒಳಗೆ ಹೋಗಿ ಕಪಾಟಿನ ಬಾಗಿಲು ತೆರೆದರು.)